ಹಳಿಯ ಪಕ್ಕದಲ್ಲಿ ನಿಂತವರ ಛಾಯಾಚಿತ್ರಗಳು

ಎಡಗಡೆ ಯಾರದೋ ಭುಜ. ಬಲಗಡೆ ಅರ್ಧ ಕತ್ತರಿಸಿಹೋದ ಒಂದು ತಂತಿಕಂಬ. ನಡುವೆ ನೀರಿನಲ್ಲಿ ಕಲಸಿದಂತೆ ಕಾಣುವ ಒಂದು ರೈಲುಬಂಡಿ. ಬಂಡಿಯ ಕಿಟಕಿಗಳು ಯಾವುವು, ಬಾಗಿಲುಗಳು ಯಾವುವು ಎಂಬುದು ಸಹ ಸರಿಯಾಗಿ ತಿಳಿಯದು. ಇಂಥ ಚಿತ್ರವನ್ನು ಯಾವ ಸ್ಪರ್ಧೆಗೆ ಕಳುಹಿಸಿದರೂ ಮೊದಲ ಸುತ್ತಿನಲ್ಲಿಯೇ ಹಿಂದಕ್ಕೆ ಬರುವುದರಲ್ಲಿ ಸಂದೇಹವಿಲ್ಲ. ಆದರೂ ಅಮೆರಿಕ ದೇಶದ ಹಲವು ಮನೆಗಳಲ್ಲಿ ಇಂಥ ಚಿತ್ರಗಳನ್ನು ಐವತ್ತು ವರ್ಷಕಾಲ ಜೋಪಾನವಾಗಿ ಇಟ್ಟುಕೊಂಡಿದ್ದರು. ಏಕೆ ಇಟ್ಟುಕೊಂಡಿದ್ದರು ಎಂಬುದನ್ನು ಹೇಳಬೇಕಾದರೆ ಆ ಬಂಡಿಯ ಕಥೆಯನ್ನು ಸ್ವಲ್ಪ ಹೇಳಬೇಕು.

1968ನೆಯ ಇಸವಿ ಆ ದೇಶಕ್ಕೆ ಬಹು ಕೆಟ್ಟ ವರ್ಷ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಅದಾಗಿ ಎರಡು ತಿಂಗಳು ಕಳೆದಿತ್ತು. ಜೂನ್ 5ರ ನಡುರಾತ್ರಿ ಕಳೆದೊಡನೆಯೇ ಲಾಸ್ ಏಂಜಲೀಸ್ ನಗರದ ಒಂದು ಹೋಟೆಲಿನಲ್ಲಿ ರಾಬರ್ಟ್ ಕೆನೆಡಿಯವರಿಗೆ ಗುಂಡು ತಗುಲಿತು. ಮರುದಿನ, 6ರಂದು, ಅವರು ತೀರಿಕೊಂಡರು. ಅವರ ಅಣ್ಣ, ರಾಷ್ಟ್ರಾಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರು, 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಇದೇ ರೀತಿ ಮಡಿದಿದ್ದರಷ್ಟೆ. ಒಂದೇ ಮನೆಯ ಎರಡನೆಯ ಮರಣ. ಒಂದೇ ಬೇಸಗೆಯ ಎರಡನೆಯ ಕೊಲೆ. ಜನ ಮಾತು ಹೊರಡದೆ ನಿಂತರು.

ಜೂನ್ 8, ಶನಿವಾರ. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ದೇವಾಲಯದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಶವಪೆಟ್ಟಿಗೆಯನ್ನು ರೈಲಿನಲ್ಲಿ ವಾಷಿಂಗ್ಟನ್ನಿಗೆ ಸಾಗಿಸಿದರು. ದೂರ ಸುಮಾರು 360 ಕಿಲೋಮೀಟರು. ಸಾಮಾನ್ಯವಾಗಿ ನಾಲ್ಕು ಗಂಟೆಯ ಪ್ರಯಾಣ. ಅಂದು ಹಿಡಿದದ್ದು ಎಂಟು ಗಂಟೆ. ಏಕೆಂದರೆ ನೆವಾರ್ಕ್, ಟ್ರೆಂಟನ್, ಫಿಲಡೆಲ್ಫಿಯ, ಬಾಲ್ಟಿಮೋರ್ ಹೀಗೆ ದಾರಿಯುದ್ದಕ್ಕೂ ಹಳಿಯ ಎರಡು ಕಡೆಗಳಲ್ಲಿಯೂ ಜನ. ಹತ್ತು ಲಕ್ಷಕ್ಕೂ ಮಿಕ್ಕಿ ಎಂದು ಅಂದಾಜು ಮಾಡಿದರು. ಕರೆಯದೆ ಬಂದ ಜನ; ಮೆರವಣಿಗೆಯ ಏರ್ಪಾಡಿಲ್ಲ, ಭಾಷಣವಿಲ್ಲ. ರೈಲುಮಾರ್ಗವೆಂಬುದು ಊರುಗಳ ಬೆನ್ನ ಹಿಂದೆ ಹಾಯುವ ದಾರಿಯಾದುದರಿಂದ, ಕಾರ್ಖಾನೆಗಳ ಹಿತ್ತಿಲು, ಬಡವರ ಕೇರಿ, ಒಣಹುಲ್ಲಿನ ಬಯಲು ಇವೇ ಅಂದು ಶೋಕಸಭೆಯ ಅಂಗಳಗಳಾದವು. ಕೊನೆಯ ಬೋಗಿಯಲ್ಲಿದ್ದ ಪೆಟ್ಟಿಗೆ ಹೊರಗೆ ನಿಂತವರಿಗೆ ಕಾಣಲೆಂದು ಅದನ್ನು ಕುರ್ಚಿಗಳ ಮೇಲೆ ಎತ್ತಿ ಇರಿಸಿದ್ದರಂತೆ. ಎಲಿಜಬೆತ್ ಎಂಬ ಊರಿನಲ್ಲಿ ಹಳಿಗೆ ಇಳಿದಿದ್ದ ಜನರ ಮೇಲೆ ಎದುರು ದಿಕ್ಕಿನ ಬಂಡಿಯೊಂದು ಹಾಯ್ದು ಇಬ್ಬರು ಸತ್ತರು. ದುಃಖದ ಮೇಲೆ ದುಃಖ. ಬಂಡಿ ವಾಷಿಂಗ್ಟನ್ ಸೇರಿದಾಗ ರಾತ್ರಿ ಒಂಬತ್ತು ಕಳೆದಿತ್ತು. ಆರ್ಲಿಂಗ್ಟನ್ನಿನಲ್ಲಿ ಮೇಣದ ಬತ್ತಿಗಳ ಬೆಳಕಿನಲ್ಲಿ ಮಣ್ಣುಮಾಡಿದರು.

ಆ ಬಂಡಿಯ ಒಳಗೆ ಪಾಲ್ ಫಸ್ಕೊ ಎಂಬ ಛಾಯಾಚಿತ್ರಕಾರರಿದ್ದರು. ‘ಲುಕ್’ ಪತ್ರಿಕೆಯವರು ಅವರನ್ನು ಕಳುಹಿಸಿದ್ದರು. ಅವರು ಕಿಟಕಿಯ ಬಳಿ ನಿಂತು, ಹೊರಗಿನ ಜನರನ್ನು ಬಣ್ಣದ ಫಿಲ್ಮಿನಲ್ಲಿ ಸುಮಾರು ಸಾವಿರ ಸಲ ಹಿಡಿದರು. ಎದೆಯ ಮೇಲೆ ಕೈಯಿಟ್ಟವರು, ಸೆಲ್ಯೂಟ್ ಹೊಡೆದು ನಿಂತವರು, ಮಂಡಿಯೂರಿದವರು, ಸಾಲಾಗಿ ನಿಂತ ಮನೆಮಂದಿ, ಹೋಗಿ ಬಾ ಬಾಬಿ ಎಂಬ ಅರ್ಥದ ಹಲಗೆ ಹಿಡಿದವರು. ಕರಿಯರು, ಬಿಳಿಯರು, ಎಲ್ಲರೂ ಅಲ್ಲಿದ್ದಾರೆ. ವಿಚಿತ್ರವೆಂದರೆ ಪತ್ರಿಕೆ ಆಗ ಅವುಗಳನ್ನು ಪ್ರಕಟಿಸಲಿಲ್ಲ. 1971ರಲ್ಲಿ ಪತ್ರಿಕೆಯೇ ನಿಂತುಹೋಯಿತು. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಅವು ಹೊರಬಂದು, ಗ್ರಂಥವಾಗಿ ಅಚ್ಚಾಗಿ, ಲೋಕಪ್ರಸಿದ್ಧವಾದವು.

ಈಗ ನಮ್ಮ ವಿಷಯಕ್ಕೆ ಬರೋಣ. ಆ ಪ್ರಸಿದ್ಧ ಚಿತ್ರಗಳನ್ನು ನೋಡಿದವರು ಲಕ್ಷಾಂತರ. ಅವರಲ್ಲಿ ಹಾಲೆಂಡ್ ದೇಶದ ರೈನ್ ಯೆಲ್ಲೆ ಟರ್ಪ್‌ಸ್ಟ್ರಾ ಎಂಬ ಕಲಾವಿದರು ಮಾತ್ರ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು: ಹಳಿಯ ಪಕ್ಕದಲ್ಲಿ ನಿಂತವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಕ್ಯಾಮೆರಾ ಇದೆ! ಫಸ್ಕೊ ಅವರನ್ನು ಹಿಡಿಯುತ್ತಿರುವಾಗ ಅವರು ಬಂಡಿಯನ್ನು ಹಿಡಿಯುತ್ತಿದ್ದಾರೆ. ಹಾಗಾದರೆ ಆ ಚಿತ್ರಗಳೆಲ್ಲ ಎಲ್ಲಿ? 2014ರಿಂದ ಅವರು ಅವನ್ನು ಹುಡುಕತೊಡಗಿದರು. ಹಳೆಯ ಆಲ್ಬಮ್ಮುಗಳಿಂದ, ಅಟ್ಟದ ಡಬ್ಬಿಗಳಿಂದ, ಸಾಮಾನ್ಯ ಜನ ತೆಗೆದ ಚಿತ್ರಗಳು, ಸ್ಲೈಡುಗಳು, ಮನೆಯ ಚಲನಚಿತ್ರದ ಸುರುಳಿಗಳು ಒಂದೊಂದಾಗಿ ಬಂದು ಕೂಡಿದವು. ಘಟನೆಗೆ ಐವತ್ತು ವರ್ಷ ತುಂಬಿದ 2018ರಲ್ಲಿ ಅವು ಪುಸ್ತಕವಾದವು. ಸ್ಯಾನ್‌ಫ್ರಾನ್ಸಿಸ್ಕೋದ ಆಧುನಿಕ ಕಲಾಸಂಗ್ರಹಾಲಯದಲ್ಲಿ ಫಸ್ಕೊ ಅವರ ಚಿತ್ರಗಳ ಜೊತೆಯಲ್ಲಿಯೇ ತೂಗಿದವು.

ಇಷ್ಟೊಂದು ಕೈಗಳಲ್ಲಿ ಕ್ಯಾಮೆರಾ ಬಂದದ್ದು ಹೇಗೆ? ಕೊಡಕ್ ಕಂಪೆನಿಯವರು 1900ರಲ್ಲಿಯೇ ಒಂದು ಡಾಲರಿಗೆ ‘ಬ್ರೌನಿ’ ಎಂಬ ಡಬ್ಬಿ ಕ್ಯಾಮೆರಾವನ್ನು ಮಾರಾಟಕ್ಕೆ ತಂದಿದ್ದರು. 1963ರಲ್ಲಿ ‘ಇನ್‌ಸ್ಟಮ್ಯಾಟಿಕ್’ ಬಂದಿತು. ಹಿಂದಿನ ಕ್ಯಾಮೆರಾಗಳಲ್ಲಿ ಫಿಲ್ಮಿನ ಸುರುಳಿಯನ್ನು ನೆರಳಿನಲ್ಲಿ ಬಿಚ್ಚಿ, ತುದಿಯನ್ನು ಸಿಕ್ಕಿಸಿ, ತಿರುಗಿಸುವ ತಾಪತ್ರಯವಿತ್ತು. ಅನೇಕರು ಅಲ್ಲಿಯೇ ಸೋಲುತ್ತಿದ್ದರು. ಹೊಸತರಲ್ಲಿ ಫಿಲ್ಮು ಒಂದು ಪ್ಲಾಸ್ಟಿಕ್ ಗೂಡಿನೊಳಗೇ ಇರುತ್ತಿತ್ತು. ಗೂಡನ್ನು ಒಳಗಿಟ್ಟು ಬಾಗಿಲು ಹಾಕಿದರೆ ತೀರಿತು. ಶಾಲೆಯ ಹುಡುಗನೂ ಚಿತ್ರ ತೆಗೆಯಬಲ್ಲವನಾದನು. 1965ರಲ್ಲಿ ಚಲನಚಿತ್ರಕ್ಕೂ ಇದೇ ಬಗೆಯ ಗೂಡು ಬಂದಿತು. ಅದೇ ‘ಸೂಪರ್ 8’.

ಸುಲಭವಾದುದಕ್ಕೆ ಬೆಲೆಯನ್ನೂ ತೆರಬೇಕಷ್ಟೆ. ಅಗ್ಗದ ಇನ್‌ಸ್ಟಮ್ಯಾಟಿಕ್ಕಿನ ಕಣ್ಣು ತೆರೆದು ಮುಚ್ಚುವ ಹೊತ್ತು ಸುಮಾರು ಒಂದು ಸೆಕೆಂಡಿನ ತೊಂಬತ್ತನೆಯ ಒಂದು ಭಾಗ. ಬಂಡಿಯ ಆ ದಿನದ ಸರಾಸರಿ ವೇಗ ಗಂಟೆಗೆ 45 ಕಿಲೋಮೀಟರು. ಲೆಕ್ಕ ಹಾಕಿ ನೋಡಿ: ಕಣ್ಣು ತೆರೆದಿದ್ದಷ್ಟು ಹೊತ್ತಿನಲ್ಲಿ ಬಂಡಿ ಹತ್ತಿರ ಹತ್ತಿರ ಅರ್ಧ ಅಡಿ ಮುಂದಕ್ಕೆ ಸರಿದಿರುತ್ತದೆ. ಆದುದರಿಂದಲೇ ಬಂಡಿ ಕಲಸಿಹೋಗಿದೆ. ಅಲ್ಲಾಡದೆ ನಿಂತಿದ್ದ ಮುಂದಿನವರ ಭುಜ ಮಾತ್ರ ಸ್ಪಷ್ಟವಾಗಿದೆ. ತೆಗೆದವರು ಅದನ್ನು ದೋಷವೆಂದೇ ತಿಳಿದಿದ್ದಾರು. ನನಗಾದರೋ ಅದು ಆ ದಿನದ ಒಂದು ಸತ್ಯವಾಗಿ ತೋರುತ್ತದೆ. ಗಂಟೆಗಟ್ಟಲೆ ಬಿಸಿಲಿನಲ್ಲಿ ಕಾಯುವುದು, ಒಂದು ಗಳಿಗೆಯಲ್ಲಿ ಬಂಡಿ ದಾಟಿಹೋಗುವುದು. ಕಣ್ಣಿಗೂ ಅವರಿಗೆ ಅದಕ್ಕಿಂತ ಹೆಚ್ಚು ಕಂಡಿರಲಾರದು.

ಬಣ್ಣದ ವಿಷಯವಾಗಿಯೂ ಒಂದು ಮಾತು. ಆ ಕಾಲದ ಕಾಗದದ ಮೇಲಿನ ಬಣ್ಣದ ಚಿತ್ರಗಳು ಕೆಲವೇ ವರ್ಷಗಳಲ್ಲಿ ಕೆಂಪಗೆ ತಿರುಗಿ ಮಾಸಿದವು. ‘ಕೊಡಕ್ರೋಮ್’ ಸ್ಲೈಡುಗಳು ಮಾತ್ರ, ಕತ್ತಲೆಯಲ್ಲಿಟ್ಟರೆ, ಬಹುಕಾಲ ಬಾಳುವ ಜಾತಿ. ಪೆಟ್ಟಿಗೆಯಲ್ಲಿ ಮರೆತು ಬಿಟ್ಟವು ಹಸನಾಗಿ ಉಳಿದವು. ಪ್ರೀತಿಯಿಂದ ಗೋಡೆಗೆ ತೂಗುಹಾಕಿದವು ಬಿಳಚಿದವು.

ವೃತ್ತಿಯವರ ಚಿತ್ರಕ್ಕೂ ಹವ್ಯಾಸಿಗಳ ಚಿತ್ರಕ್ಕೂ ಇರುವ ಭೇದವನ್ನು ಕುಶಲತೆಯ ಹೆಚ್ಚುಕಡಿಮೆ ಎಂದು ಹೇಳಿಬಿಡುವುದು ವಾಡಿಕೆ. ಅದು ಸಾಲದು. ಫಸ್ಕೊ ಅವರ ಚಿತ್ರದಲ್ಲಿ ದೇಶ ಕಾಣುತ್ತದೆ; ಆದರೆ ಅಲ್ಲಿ ನಿಂತವರ ಹೆಸರು ಯಾರಿಗೂ ತಿಳಿಯದು. ಹವ್ಯಾಸಿಯ ಚಿತ್ರದಲ್ಲಿ ಕಾಣುವುದು ಮಸುಕಾದ ಬಂಡಿ. ಆದರೆ ತೆಗೆದವರಿಗೆ ಅಂದು ತಾವು ಯಾವ ಕಂಬದ ಬಳಿ ನಿಂತಿದ್ದರು, ಪಕ್ಕದಲ್ಲಿ ತಾಯಿಯೋ ತಮ್ಮನೋ ಯಾರಿದ್ದರು, ಯಾರು ಮೊದಲು ಅತ್ತರು ಎಂಬುದೆಲ್ಲ ಅದರೊಳಗಿದೆ. ಹೊರಗಿನವರಿಗೆ ಅದು ಬರಿಯ ರೈಲು. ಮನೆಯವರ ಬಾಯಿಯ ಮಾತು ಕೂಡಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ನಾವು ಕನ್ನಡ ಪಾಠದಲ್ಲಿ ಅಧ್ಯಾಹಾರ ಎನ್ನುವುದಿಲ್ಲವೆ? ವಾಕ್ಯದಲ್ಲಿ ಇಲ್ಲದ ಪದವನ್ನು ಓದುಗನು ತಂದುಕೊಂಡು ಅರ್ಥಮಾಡಿಕೊಳ್ಳಬೇಕು. ಈ ಚಿತ್ರಗಳೂ ಹಾಗೆಯೆ. ಟರ್ಪ್‌ಸ್ಟ್ರಾ ಅವರು ಐವತ್ತು ವರ್ಷದ ಗಡುವಿನೊಳಗೆ ಹೊರಟದ್ದು ಒಳ್ಳೆಯದಾಯಿತು. ಇನ್ನೊಂದು ತಲೆಮಾರು ಕಳೆದಿದ್ದರೆ ಚಿತ್ರ ಸಿಕ್ಕರೂ ಮಾತು ಸಿಕ್ಕುತ್ತಿರಲಿಲ್ಲ.

ಹವ್ಯಾಸಿಯ ಕ್ಯಾಮೆರಾ ಅಣ್ಣನ ಮರಣದ ದಿನವೂ ಇತ್ತು. ಆದರೆ ಅದರ ಪಾಡು ಬೇರೆ. ಡಲ್ಲಾಸಿನ ಉಡುಪಿನ ವ್ಯಾಪಾರಿ ಏಬ್ರಹಾಂ ಜಪ್ರೂಡರ್ ಅವರು ಮನೆಯಲ್ಲಿ ಬಿಟ್ಟುಬಂದಿದ್ದ ಸಣ್ಣ ಚಲನಚಿತ್ರ ಕ್ಯಾಮೆರಾವನ್ನು ಮತ್ತೆ ಹೋಗಿ ತಂದು, ಮೆರವಣಿಗೆಯ ಸಂತೋಷವನ್ನು ಹಿಡಿಯಲೆಂದು ಒಂದು ಕಟ್ಟೆಯ ಮೇಲೆ ನಿಂತರು. ಇಪ್ಪತ್ತಾರು ಸೆಕೆಂಡು, ಒಟ್ಟು 486 ಚಿತ್ರಗಳು. ಅವರ ಕಣ್ಣೆದುರಿಗೇ ಆ ಘೋರ ನಡೆದುಹೋಯಿತು. ‘ಲೈಫ್’ ಪತ್ರಿಕೆಯವರು ಅದನ್ನು ಕೊಂಡರು. 313ನೆಯ ಚಿತ್ರವನ್ನು, ಎಂದರೆ ಕೊನೆಯ ಗುಂಡು ತಗುಲಿದ ಗಳಿಗೆಯನ್ನು, ಪ್ರಕಟಿಸಬಾರದೆಂದು ಜಪ್ರೂಡರ್ ಅವರು ಕೇಳಿಕೊಂಡರು. 1975ರವರೆಗೆ ರಾಷ್ಟ್ರದ ಟೆಲಿವಿಷನ್ನಿನಲ್ಲಿ ಅದನ್ನು ತೋರಿಸಲಿಲ್ಲ. ಆಮೇಲೆ ಅದು ವಿಚಾರಣೆಗೆ, ವಾದಕ್ಕೆ, ಊಹಾಪೋಹಕ್ಕೆ ಸಾಮಗ್ರಿಯಾಯಿತು. ಒಂದೊಂದು ಚಿತ್ರವನ್ನೂ ಭೂತಗನ್ನಡಿಯಿಟ್ಟು ನೋಡಿದರು. ಸಾಕ್ಷ್ಯವೆಂಬುದು ಒಂದು, ಸ್ಮರಣೆಯೆಂಬುದು ಇನ್ನೊಂದು. ಎಲ್ಲವನ್ನೂ ತೋರಿಸುವ ಚಿತ್ರದಿಂದ ನೆಮ್ಮದಿ ಬರುವುದೆಂಬ ಭರವಸೆಯಿಲ್ಲ; ಐದು ವರ್ಷದ ಮೇಲೆ ತಮ್ಮನ ಬಂಡಿಯನ್ನು ಹಿಡಿದವರ ಮಸುಕು ಚಿತ್ರಗಳಲ್ಲಿ ಏನೂ ಕಾಣದಿದ್ದರೂ ಅವನ್ನು ಎದುರಿಗಿಟ್ಟುಕೊಂಡು ಅಳಬಹುದು.

ಶೋಕದ ಎಡೆಯಲ್ಲಿ ಕ್ಯಾಮೆರಾ ಎತ್ತುವುದು ಉಚಿತವೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಗಾಂಧೀಜಿಯವರ ಬಂಧುವಾದ ಕನು ಗಾಂಧಿಯವರು ಸೇವಾಗ್ರಾಮದಲ್ಲಿ ಚಿತ್ರ ತೆಗೆಯಲು ಅಪ್ಪಣೆ ಬೇಡಿದಾಗ, ಮಹಾತ್ಮರು ಮೂರು ಕಟ್ಟಳೆಗಳನ್ನು ವಿಧಿಸಿದರು: ಕಣ್ಣು ಕೋರೈಸುವ ಫ್ಲಾಷ್ ಬೆಳಕು ಕೂಡದು, ಹೀಗೆ ನಿಲ್ಲಿ, ಹಾಗೆ ತಿರುಗಿ ಎಂದು ಕೇಳಕೂಡದು, ಆಶ್ರಮದಿಂದ ಹಣ ದೊರೆಯದು. ಮೂರನೆಯದನ್ನು ಬಿಟ್ಟರೂ ಮೊದಲೆರಡನ್ನು ಪಾಲಿಸಿದವನು ಎಂಥ ಸ್ಥಳದಲ್ಲಿಯೂ ಅಪರಾಧಿಯಾಗಲಾರನೆಂದು ನನ್ನ ಅಭಿಪ್ರಾಯ. ಈಚೆಗೆ ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇರುವಾಗ, ಸತ್ತವರ ಮುಂದೆ ತಮ್ಮ ಮುಖವನ್ನೇ ಹಿಡಿದುಕೊಳ್ಳುವವರನ್ನು ಕಂಡಿದ್ದೇನೆ. ಅವರ ಮಾತು ಬೇಡ.

ನಮ್ಮ ಮನೆಯಲ್ಲಿಯೂ ಒಂದು ಚಿತ್ರವಿದೆ. ನಾನು ಹುಟ್ಟುವುದಕ್ಕೆ ಆರು ವರ್ಷ ಮೊದಲಿನದು. ಪಂಡಿತ ನೆಹರೂ ಅವರು ತೀರಿಕೊಂಡ ಮರುದಿನ, 1964ರ ಮೇ 28. ದಹನಸಂಸ್ಕಾರದ ವರದಿಯನ್ನು ಆಕಾಶವಾಣಿ ಬಿತ್ತರಿಸುತ್ತಿತ್ತು. ಮನೆಯಲ್ಲಿ ರೇಡಿಯೋ ಇಲ್ಲದವರೆಲ್ಲ ನಮ್ಮೂರಿನ ಪುರಸಭೆಯ ಪಾರ್ಕಿನಲ್ಲಿ ಸೇರಿದ್ದರು. 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಮೆಲ್ವಿಲ್ ಡಿಮೆಲ್ಲೊ ಅವರು ಏಳು ಗಂಟೆಕಾಲ ಬಿಡದೆ ವರ್ಣಿಸಿದಾಗಲೂ ಜನ ಅಲ್ಲಿಯೇ ನಿಂತಿದ್ದರೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ತಂದೆಯವರ ಬಳಿ ಸ್ನೇಹಿತರೊಬ್ಬರಿಂದ ಕಡ ತಂದ ಡಬ್ಬಿ ಕ್ಯಾಮೆರಾ ಇತ್ತು. ಸುರುಳಿಗೆ ಎಂಟೇ ಚಿತ್ರ. ಅದರಲ್ಲಿ ಒಂದನ್ನು ಅಂದು ಖರ್ಚುಮಾಡಿದರು. ಮೂಲೆಯಲ್ಲಿ ಕಂಬದ ಮೇಲೆ ಧ್ವನಿವರ್ಧಕದ ಕಹಳೆ. ಅದರ ಕೆಳಗೆ ತಲೆ ಬಗ್ಗಿಸಿ ನಿಂತ ಒಂಬತ್ತು ಜನ, ಒಂದು ಸೈಕಲ್ಲು. ಒಬ್ಬರು ಪೇಟವನ್ನು ಕೈಯಲ್ಲಿ ಹಿಡಿದಿದ್ದಾರೆ.

“ಸೂತಕದ ಹೊತ್ತಿನಲ್ಲಿ ಯಾರಾದರೂ ಪಟ ಹಿಡೀತಾರೇನೋ?” ಎಂದು ತಾತ ಅಂದು ಗದರಿದರಂತೆ. ತಂದೆಯವರು ಉತ್ತರ ಕೊಡಲಿಲ್ಲ. ಹದಿನೈದು ದಿನದ ಮೇಲೆ ಚಿತ್ರ ತೊಳೆದು ಬಂದಾಗ ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹಿಂದೆ ಹೆಸರು ಬರೆದಿಡು, ಮರೆತುಹೋದೀತು” ಎಂದಷ್ಟೇ ಹೇಳಿದರು. ತಂದೆಯವರು ತಾರೀಖು, ಗಂಟೆ, ಎಡದಿಂದ ಬಲಕ್ಕೆ ಹೆಸರುಗಳನ್ನು ಮೆತ್ತನೆಯ ಸೀಸದ ಕಡ್ಡಿಯಲ್ಲಿ ಬರೆದರು. ಶಾಯಿಯಾದರೆ ಕಾಲಕ್ರಮದಲ್ಲಿ ಮುಂದಕ್ಕೆ ಒಸರುತ್ತದೆ. ಸೀಸದ ಕಡ್ಡಿ ಒಸರದು. ಆಲ್ಬಮ್ಮು ಇರುವ ಮನೆಯವರು ಇದನ್ನು ಈ ವಾರವೇ ಮಾಡಬಹುದು, ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ.

ಎಂಟು ಹೆಸರುಗಳಿವೆ. ಒಂಬತ್ತನೆಯವಳು ಬಲತುದಿಯಲ್ಲಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸು; ಅವಳ ಎದುರಿಗೆ ಒಂದು ಸಣ್ಣ ಗೆರೆ ಎಳೆದು ತಂದೆಯವರು ಖಾಲಿ ಬಿಟ್ಟಿದ್ದಾರೆ. ಆ ಕೇರಿಯ ವೃದ್ಧರಿಗೆಲ್ಲ ತೋರಿಸಿದ್ದೇನೆ. ಇದುವರೆಗೆ ಯಾರೂ ಗುರುತಿಸಲಿಲ್ಲ.