ಎಣ್ಣೆಯ ತೊಟ್ಟಿಯೂ ಎಂಜಿನಿನ ಆಯುಸ್ಸೂ

ಸೇಡಂ, ವಾಡಿ, ಶಹಾಬಾದ್‌ಗಳ ಸುಣ್ಣಕಲ್ಲಿನ ನೆಲದಲ್ಲಿ ಹಳೆಯ ಟ್ರಯಲ್ಸ್ ಮೋಟಾರ್ ಸೈಕಲ್ಲನ್ನು ಓಡಿಸುವುದಾದರೆ ಅದರ ಎಣ್ಣೆಯ ತೊಟ್ಟಿ ಹೇಗಿರಬೇಕು? ಟ್ರಯಲ್ಸ್ ವೇಗದ ಪಂದ್ಯವಲ್ಲ. ಕಾಲನ್ನು ನೆಲಕ್ಕೂರದೆ ಬಂಡೆ, ಹಳ್ಳಗಳನ್ನು ದಾಟುವ ಪರೀಕ್ಷೆ. ವಾಹನ ಹಗುರವಾಗಿರಬೇಕು, ಸವಾರನ ಕಾಲಿಗೆ ಏನೂ ಅಡ್ಡಬರಬಾರದು. ತೊಟ್ಟಿಯನ್ನು ಹೊಸದಾಗಿ ಮಾಡಿಸುವುದು ಇದಕ್ಕಾಗಿಯೇ.

1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ವಾಹನಕ್ಕೆ ಇಂಥ ತೊಟ್ಟಿಯೇ ಬೇಡ. ಅದರ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುತ್ತದೆ. ಹಳೆಯ ಬುಲೆಟ್ಟಿನಲ್ಲಿ ಎಣ್ಣೆಯ ಕೋಣೆ ಎಂಜಿನಿನ ಒಡಲಲ್ಲಿಯೇ ಉಂಟು. ಬಿ.ಎಸ್.ಎ., ಮ್ಯಾಚ್‌ಲೆಸ್ ಕಂಪೆನಿಗಳ ಹಳೆಯ ಟ್ರಯಲ್ಸ್ ವಾಹನಗಳಲ್ಲಾದರೋ ತೊಟ್ಟಿ ಹೊರಗಿರುತ್ತದೆ. ಪಂಪು ಅಲ್ಲಿಂದ ಎಣ್ಣೆಯನ್ನು ಎಂಜಿನಿಗೆ ಕಳುಹಿಸಿ, ತಳಕ್ಕಿಳಿದುದನ್ನು ಹಿಂದಕ್ಕೆ ತರುತ್ತದೆ. ಹಿಂದಕ್ಕೆ ತರುವ ಶಕ್ತಿಯೇ ಹೆಚ್ಚಾದುದರಿಂದ ಎಣ್ಣೆಯೊಡನೆ ಗಾಳಿಯೂ ಬಂದು ನೊರೆಯೇಳುತ್ತದೆ.

20 ಸೆಂ.ಮೀ. ಉದ್ದ, 15 ಎತ್ತರ, 8 ಅಗಲದ ತೊಟ್ಟಿಯನ್ನು ಊಹಿಸೋಣ. ಅದು 2.4 ಲೀಟರ್ ಹಿಡಿಯುತ್ತದೆ. ನಾವು 2 ಲೀಟರ್ ಮಾತ್ರ ತುಂಬಿ, ಉಳಿದ ಜಾಗವನ್ನು ನೊರೆಗೆ ಬಿಡಬೇಕು. ಮರಳುವ ಕೊಳವೆ ಎಣ್ಣೆಯ ಮಟ್ಟಕ್ಕಿಂತ ಮೇಲೆ ತೆರೆಯಬೇಕು. ಗಾಳಿ ಹೊರಹೋಗಲು ನೆತ್ತಿಯಲ್ಲಿ ಇನ್ನೊಂದು ಕೊಳವೆ ಬೇಕು. ಎಂಜಿನಿಗೆ ಹೋಗುವ ಬಾಯಿ ತಳಕ್ಕಿಂತ ತುಸು ಮೇಲಿದ್ದು ಜಾಲರಿ ಹೊಂದಿದ್ದರೆ ಕೆಸರು ಒಳನುಗ್ಗದು.

ಅಲ್ಯೂಮಿನಿಯಮ್ಮಿನ ತೂಕ ಅದೇ ಗಾತ್ರದ ಉಕ್ಕಿನ ಸುಮಾರು ಮೂರರಲ್ಲೊಂದು ಪಾಲು. ಆದರೆ ಅದುರುವಿಕೆಯಿಂದ ಬೆಸುಗೆ ಸೀಳದಂತೆ ತೊಟ್ಟಿಯನ್ನು ರಬ್ಬರಿನ ಮೇಲೆ ಕೂರಿಸಬೇಕು. ಜೋಡಿಸುವ ಮೊದಲು ಸೋಪಿನ ನೀರು ಹಚ್ಚಿ, ಮೆಲ್ಲನೆ ಗಾಳಿಯೂದಿ ಸೋರಿಕೆಯನ್ನು ಪರೀಕ್ಷಿಸಿ, ಒಳಗನ್ನು ಪದೇ ಪದೇ ತೊಳೆಯತಕ್ಕದ್ದು. ಒಳಗುಳಿದ ಬೆಸುಗೆಯ ಒಂದು ಕಣ ಬೇರಿಂಗನ್ನು ಕೆಡಿಸಬಲ್ಲುದು. ಹಳೆಯ ಎಂಜಿನಿಗೆ ಬಿಡಿಭಾಗ ದೊರಕುವುದು ಸುಲಭವಲ್ಲ.