ದೋಣಿಯ ಡೀಸೆಲ್ ಮತ್ತು ರಾಜ್ಯದ ಮಾರಾಟ ತೆರಿಗೆ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದೊಡನೆ ರಾಜ್ಯದ ಮಾರಾಟ ತೆರಿಗೆಯ ಕಾಲ ಮುಗಿಯಿತೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಬಿಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಜಿಎಸ್‌ಟಿಯೇ ಆದ್ದರಿಂದ ಅಲ್ಲಿ ಹಾಗೆ ತೋರುವುದು ಸಹಜವೂ ಹೌದು. ಆದರೆ ಅದೇ ತಾರಿಹಾಳದಿಂದ ಯಲ್ಲಾಪುರದ ಮಾರ್ಗವಾಗಿ ಘಟ್ಟ ಇಳಿದು ಕಾರವಾರದ ಬಂದರು ತಲುಪಿದವರಿಗೆ ಬೇರೆಯೇ ಲೆಕ್ಕ ಎದುರಾಗುತ್ತದೆ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ ಮತ್ತು ವಿಮಾನ ಇಂಧನ ಇವು ಐದೂ ಜಿಎಸ್‌ಟಿಯ ಹೊರಗೇ ಉಳಿದಿದ್ದು, ಕರ್ನಾಟಕದಲ್ಲಿ ಡೀಸೆಲ್ ಮೇಲೆ 1957ರ ಮಾರಾಟ ತೆರಿಗೆ ಕಾಯ್ದೆಯಡಿ ರಾಜ್ಯವೇ ಇಂದಿಗೂ ತೆರಿಗೆ ವಿಧಿಸುತ್ತದೆ. ಈ ದರ 2024ರ ಜೂನ್‌ನಲ್ಲಿ ಶೇ 14.34ರಿಂದ ಶೇ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿತು. ತೆರಿಗೆಗೆ ಮುನ್ನ ಲೀಟರಿಗೆ 70 ರೂಪಾಯಿ ಬೆಲೆಯಿದೆಯೆಂದು ಇಟ್ಟುಕೊಂಡರೆ, 1,000 ಲೀಟರಿನ ಮೇಲೆ ಹಳೆಯ ದರದಲ್ಲಿ 10,038 ರೂಪಾಯಿ ಆಗುತ್ತಿದ್ದ ತೆರಿಗೆ ಹೊಸ ದರದಲ್ಲಿ 14,819 ರೂಪಾಯಿ ಆಗುತ್ತದೆ; ದಿನಗಟ್ಟಲೆ ಆಳಸಮುದ್ರದಲ್ಲಿ ಉಳಿಯುವ ಟ್ರಾಲ್ ದೋಣಿಗೆ ಒಂದು ಪ್ರಯಾಣಕ್ಕೆ ಇಷ್ಟು ಡೀಸೆಲ್ ಸಾಲುವುದಿಲ್ಲ.

ಮೀನುಗಾರರಿಗೆ ಡೀಸೆಲ್ ಕರರಹಿತವಾಗಿ ಸಿಗುವುದರಿಂದ ಈ ಏರಿಕೆ ಅವರನ್ನು ತಟ್ಟುವುದಿಲ್ಲ ಎಂಬುದು ಅರ್ಧ ಸತ್ಯ ಮಾತ್ರ. ‘ಕರರಹಿತ’ ಎಂದರೆ ರಾಜ್ಯದ ಮಾರಾಟ ತೆರಿಗೆಯಿಂದ ವಿನಾಯಿತಿ. ಕೇಂದ್ರದ ಅಬಕಾರಿ ಸುಂಕ ಬೆಲೆಯೊಳಗೆ ಹಾಗೆಯೇ ಇರುತ್ತದೆ. ಈ ವಿನಾಯಿತಿಗೂ ಮಿತಿಯಿದ್ದು, ಇಡೀ ರಾಜ್ಯಕ್ಕೆ ವರ್ಷಕ್ಕೆ 1.5 ಲಕ್ಷ ಕಿಲೋಲೀಟರ್ ಇದ್ದ ಪ್ರಮಾಣವನ್ನು 2 ಲಕ್ಷಕ್ಕೆ ಏರಿಸುವುದಾಗಿ 2023ರ ಜುಲೈ ಬಜೆಟ್‌ನಲ್ಲಿ ಘೋಷಿಸಲಾಯಿತು. ರಾಜ್ಯ ದರ ಏರಿಸಿದಾಗಲೆಲ್ಲ ಮಿತಿಯೊಳಗಿನ ಡೀಸೆಲ್ ಬೆಲೆ ಬದಲಾಗದಿದ್ದರೂ ಮಿತಿ ದಾಟಿದ ಪ್ರತಿ ಲೀಟರೂ ಮೊದಲಿಗಿಂತ ದುಬಾರಿಯಾಗುವುದರಿಂದ, ದರಕ್ಕಿಂತ ಈ ಮಿತಿಯೇ ದೋಣಿ ಮಾಲೀಕನ ಪಾಲಿಗೆ ಹೆಚ್ಚು ಮುಖ್ಯವಾದ ಸಂಖ್ಯೆಯೆಂದು ಹೇಳಬೇಕು. ಹಿಡಿದ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಹುಬ್ಬಳ್ಳಿಗೆ ತರುವ ಲಾರಿಗಂತೂ ಈ ವಿನಾಯಿತಿಯೇ ಇಲ್ಲ.

ದೋಣಿ ವಿಲಾಸದ ವಸ್ತು, ಆದ್ದರಿಂದ ಎಲ್ಲ ದೋಣಿಗೂ ಭಾರಿ ತೆರಿಗೆ ಎಂಬ ಇನ್ನೊಂದು ಕಲ್ಪನೆಯೂ ಸರಿಯಲ್ಲ. ಮೀನುಗಾರಿಕೆ ದೋಣಿಗೆ ಜಿಎಸ್‌ಟಿ ಶೇ 5 ಇದ್ದು ಅದರಲ್ಲಿ ಅರ್ಧ ರಾಜ್ಯಕ್ಕೆ ಸೇರಿದರೆ, ವಿಹಾರಕ್ಕೆಂದೇ ಕಟ್ಟಿದ ಯಾಟ್‌ಗೆ ಶೇ 28 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ವಿಲಾಸದ ಮೇಲಿನ ತೆರಿಗೆ ಶ್ರೀಮಂತರನ್ನಷ್ಟೇ ತಟ್ಟುತ್ತದೆ ಎಂಬ ಮಾತನ್ನೂ ಎಚ್ಚರದಿಂದ ನೋಡಬೇಕು: ಅಮೆರಿಕವು 1991ರಿಂದ 1 ಲಕ್ಷ ಡಾಲರ್ ಮೀರಿದ ದೋಣಿಗಳ ಬೆಲೆಯ ಹೆಚ್ಚುವರಿ ಭಾಗದ ಮೇಲೆ ಹಾಕಿದ ಶೇ 10ರ ತೆರಿಗೆಯಿಂದ ಕೊಳ್ಳುವವರು ಹಿಂದೆ ಸರಿದು, ದೋಣಿ ಕಟ್ಟುವ ಅಂಗಳಗಳ ಕಾರ್ಮಿಕರು ಕೆಲಸ ಕಳೆದುಕೊಂಡ ಕೂಗೆದ್ದ ಮೇಲೆ 1993ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಅಲ್ಲಿನ ಫ್ಲೋರಿಡಾ ರಾಜ್ಯವಂತೂ ಒಂದು ದೋಣಿಯ ಮೇಲಿನ ಮಾರಾಟ ತೆರಿಗೆ 18,000 ಡಾಲರ್ ಮೀರಬಾರದೆಂದು 2010ರಲ್ಲಿ ಕಟ್ಟು ಹಾಕಿತು.

ಕೊಟ್ಟ ಶೇ 5 ಹೇಗೂ ಮರಳಿ ಬರುತ್ತದೆಂಬ ನಂಬಿಕೆಗೆ ಮೀನುಗಾರಿಕೆಯಲ್ಲಿ ಆಧಾರವಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ವ್ಯವಸ್ಥೆಗೆ ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ತಾಜಾ ಮೀನಿಗೆ ತೆರಿಗೆಯೇ ಇಲ್ಲವಾದ್ದರಿಂದ ಕಳೆದುಕೊಳ್ಳಲು ಏನೂ ಉಳಿಯದೆ, ಆ ಹಣ ದೋಣಿಯ ವೆಚ್ಚದಲ್ಲೇ ಸೇರಿಹೋಗುತ್ತದೆ.

ತಾರಿಹಾಳಕ್ಕೆ ಹತ್ತಿರದ ಪ್ರಶ್ನೆ ಬಿಡಿಭಾಗಗಳದು. ಯಂತ್ರದ ಭಾಗಕ್ಕೆ ಅದು ಎಲ್ಲಿಗೆ ಹೋದರೂ ಒಂದೇ ದರ ಎಂದುಕೊಳ್ಳುವುದುಂಟು. ಆದರೆ ಮೀನುಗಾರಿಕೆ ದೋಣಿಯ ಭಾಗವೆಂದು ಪರಿಗಣಿತವಾದ ವಸ್ತು ತೆರಿಗೆ ಪಟ್ಟಿಯ ಯಾವ ಅಧ್ಯಾಯದಲ್ಲಿದ್ದರೂ ಅದಕ್ಕೆ ಶೇ 5ರ ದರವೇ ಅನ್ವಯವಾಗುತ್ತದೆ, ಮತ್ತು ಅಂತಹ ದೋಣಿಯ ಎಂಜಿನ್ನಿಗೂ ಇದೇ ದರವೆಂದು 2018ರ ಆಗಸ್ಟ್‌ನಲ್ಲಿ ಕೇಂದ್ರದ ಸುತ್ತೋಲೆಯೊಂದು ಸ್ಪಷ್ಟಪಡಿಸಿತು. ಜಮೆಯ ದಾರಿಯಿಲ್ಲದ ದೋಣಿ ಮಾಲೀಕನಿಗೆ ಬಿಲ್ಲಿನಲ್ಲಿ ತಪ್ಪಾಗಿ ಬಿದ್ದ ಶೇ 18, ಒಂದು ಲಕ್ಷ ರೂಪಾಯಿಯ ಸರಕಿನ ಮೇಲೆ 13,000 ರೂಪಾಯಿಯ ನಷ್ಟ.