ದಪ್ಪ ಟೈರು ಇದ್ದರೆ ಸಾಕೆ?

ಟೈರು ದಪ್ಪಗಿರಬೇಕು, ಹ್ಯಾಂಡಲ್ ನೆಟ್ಟಗಿರಬೇಕು, ಮಡ್‌ಗಾರ್ಡ್ ಇರಬಾರದು. ಇಷ್ಟಿದ್ದರೆ ನಮ್ಮ ಅಜ್ಜೀಪುರದಲ್ಲಿ ಅದು ‘ಗೇರ್ ಸೈಕಲ್’. ಗೇರ್ ಇಲ್ಲದಿದ್ದರೂ ಗೇರ್ ಸೈಕಲ್ಲೇ! ಅಂಗಡಿಯವರ ಬಾಯಲ್ಲಿ ಅದೇ ಎಂಟಿಬಿ, ಅಂದರೆ ಮೌಂಟನ್ ಬೈಕ್. ಸುತ್ತಲೂ ಬೆಟ್ಟ ಇಟ್ಟುಕೊಂಡಿರುವ ನಮಗೇ ಬೆಟ್ಟದ ಸೈಕಲ್‌ಗಳಲ್ಲಿ ಎಷ್ಟು ಬಗೆ ಇವೆ ಎಂದು ಗೊತ್ತಿರುವುದು ಕಮ್ಮಿ.

ಇವು ಹುಟ್ಟಿದ್ದೇ ಹಳೇ ಸೈಕಲ್‌ಗಳಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಮಣ್ಣುದಾರಿಯಲ್ಲಿ ಜೋರಾಗಿ ಇಳಿಸುತ್ತಿದ್ದರು. ಹಿಂದಿನ ಚಕ್ರದ ಹಬ್ಬಿನೊಳಗಿದ್ದ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ 1976ರಲ್ಲಿ ಶುರುವಾದ ಅವರ ರೇಸಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಮರುವರ್ಷ ಜೋ ಬ್ರೀಜ್ ಎಂಬಾತ ಇಂಥ ಓಟಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಇದು ಪದಕದ ಆಟವಾಗಿತ್ತು.

ಒಲಿಂಪಿಕ್ಸ್‌ನಲ್ಲಿರುವುದು ಕ್ರಾಸ್‌ಕಂಟ್ರಿ. ಹತ್ತುವುದು, ಇಳಿಯುವುದು ಎರಡೂ ಇದೆ. ಹಾಗಾಗಿ ಸೈಕಲ್ ಹಗುರ, ಶಾಕ್ ಅಬ್ಸಾರ್ಬರ್ ಕುಗ್ಗುವುದು ಸುಮಾರು 100ರಿಂದ 120 ಮಿ.ಮೀ. ಅಷ್ಟೇ. ಅದಕ್ಕೆ ತದ್ವಿರುದ್ಧ ಡೌನ್‌ಹಿಲ್. ಬರೀ ಇಳಿಯುವುದಕ್ಕೇ ಮಾಡಿದ್ದು. ಶಾಕ್ ಸುಮಾರು 200 ಮಿ.ಮೀ. ಕುಗ್ಗುತ್ತದೆ, ಮುಂದಿನ ಫೋರ್ಕು ಮೋಟರ್‌ಬೈಕಿನದರ ಹಾಗೇ ಕಾಣುತ್ತದೆ. ಅದನ್ನು ತುಳಿದುಕೊಂಡು ಬೆಟ್ಟ ಹತ್ತುವ ಗೋಜಿಗೆ ಯಾರೂ ಹೋಗುವುದಿಲ್ಲ, ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ಇವೆರಡರ ನಡುವೆ ಟ್ರೇಲ್ ಮತ್ತು ಎಂಡ್ಯೂರೊ. ಎಂಡ್ಯೂರೊ ರೇಸಿನಲ್ಲಿ ಗಡಿಯಾರ ಓಡುವುದು ಇಳಿತಗಳಿಗೆ ಮಾತ್ರ, ಹತ್ತುವುದು ನಿಮ್ಮ ಕಾಲಿನ ಪಾಡು.

ಇದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡಿದ್ದು ತಮ್ಮ ಪಿಯುಸಿ ಸೇರಿದಾಗ. ಹನೂರಿನ ಬಸ್ಸಿಗಾಗಿ ಅವನು ದಿನಾ ತೋಟದ ಮನೆಯಿಂದ ಊರಿನವರೆಗೆ ಮಣ್ಣುದಾರಿಯಲ್ಲಿ ಬರಬೇಕು. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಸೈಕಲ್ ಕೊಡಿಸಲು ಅಪ್ಪ ಒಪ್ಪಿದ್ದರು. ಅವನ ಕಣ್ಣು ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗಿದ್ದ ಸೈಕಲ್ ಮೇಲೆ. ನೋಡಲು ಥೇಟ್ ಡೌನ್‌ಹಿಲ್! ಆದರೆ ಕಡಿಮೆ ಬೆಲೆಯ ಇಂಥವುಗಳಲ್ಲಿ ಹಿಂದಿನ ಸ್ಪ್ರಿಂಗು ಭಾರ ಹೆಚ್ಚಿಸುತ್ತದೆ. ತುಳಿದ ಶಕ್ತಿಯಲ್ಲಿ ಒಂದಷ್ಟು ಸ್ಪ್ರಿಂಗು ಕುಣಿಸುವುದಕ್ಕೇ ಹೋಗುತ್ತದೆ. ಧೂಳು ಕೂತು ಅದರ ಕೀಲು ಸಡಿಲವಾದರೆ ಊರಿನ ಪಂಕ್ಚರ್ ಅಂಗಡಿಯಲ್ಲಿ ಸಾಮಾನು ಸಿಗದು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಗೊಬ್ಬರದ ಚೀಲ ಎಲ್ಲಿ ಮಡಗ್ತೀಯಪ್ಪಾ?”

ಕೊನೆಗೆ ಬಂದದ್ದು ಹಾರ್ಡ್‌ಟೇಲ್. ಅಂದರೆ ಮುಂದೆ ಮಾತ್ರ ಶಾಕ್, ಹಿಂಭಾಗ ಗಟ್ಟಿ. ಕ್ಯಾರಿಯರ್ ಕೂರಿಸಲು ತೂತುಗಳಿದ್ದದ್ದನ್ನು ನೋಡಿಯೇ ತಂದೆವು. ಎತ್ತಿನಗಾಡಿಯ ಜಾಡು, ಗರಸು ಮಣ್ಣು, ಹಳ್ಳದ ಮರಳು, ಬದಿಯಲ್ಲಿ ಜಾಲಿ ಮುಳ್ಳು, ಇದೇ ನಮ್ಮ ದಾರಿ. ಕ್ರಾಸ್‌ಕಂಟ್ರಿಯವರು ಹುಡುಕಿಕೊಂಡು ಹೋಗುವುದು ಇಂಥದ್ದನ್ನೇ ಅಲ್ಲವೇ? ಮರಳಿನಲ್ಲಿ ಗಾಳಿ ಸ್ವಲ್ಪ ಕಮ್ಮಿ ಇದ್ದರೆ ಟೈರು ಹಿಡಿಯುತ್ತದೆ. ತೀರಾ ಕಮ್ಮಿಯಾದರೆ ಕಲ್ಲಿಗೆ ಬಡಿದು ಟ್ಯೂಬು ಹೋಗುತ್ತದೆ. ಮುಳ್ಳಿಗೆ ಮಾತ್ರ ಯಾವ ಟೈರೂ ಲೆಕ್ಕಕ್ಕಿಲ್ಲ, ಪಂಪು ಮತ್ತು ಪ್ಯಾಚು ಚೀಲದಲ್ಲಿರಲಿ.

ಮಾದಪ್ಪನ ಬೆಟ್ಟದ ಘಾಟಿ ಹತ್ತುವ ಆಸೆಯಿದ್ದವರಿಗೆ ಈ ಲೆಕ್ಕ ಬೇರೆ. ತಾಳಬೆಟ್ಟದಿಂದ ಮೇಲಕ್ಕೆ ಟಾರು ರಸ್ತೆ. ಗುಬುಟು ಗುಬುಟಾದ ಟೈರು ಅಲ್ಲಿ ಗುಂಯ್‌ಗುಟ್ಟುತ್ತಾ ಕಾಲನ್ನು ದಣಿಸುತ್ತದೆ. ನುಣುಪು ಟೈರಿನ ಹೈಬ್ರಿಡ್ ವಾಸಿ, ಬ್ರೇಕು ಮಾತ್ರ ಚೆನ್ನಾಗಿರಬೇಕು.

ರೇಸಿನ ಕನಸಿದ್ದರೆ ಹಿಮಾಲಯವೇ ಬೇಕೆಂದಿಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಗದಗದಲ್ಲಿ.

ಹಾಗಂತ ಕಾಣುವ ಕಾಲುದಾರಿಗೆಲ್ಲ ನುಗ್ಗುವ ಹಾಗಿಲ್ಲ. 2013ರಿಂದ ಮಲೆ ಮಹದೇಶ್ವರದ ಕಾಡು ವನ್ಯಜೀವಿಧಾಮ, ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಕಾಡಂಚಿನಲ್ಲೂ ಒಂದು ಅಪಾಯವಿದೆ. ಮೋಟರ್‌ಬೈಕಿನ ಸದ್ದು ದೂರಕ್ಕೇ ಕೇಳುತ್ತದೆ, ಸೈಕಲ್ಲಿಗೆ ಸದ್ದೇ ಇಲ್ಲ. ಮುಸುಕಿನ ಜೋಳದ ಹೊಲಕ್ಕೆ ಬಂದ ಆನೆಗೂ ನಿಮ್ಮ ಸುಳಿವಿರುವುದಿಲ್ಲ, ನಿಮಗೂ ಅದರ ಸುಳಿವಿರುವುದಿಲ್ಲ. ಹೊತ್ತು ಮುಳುಗಿದ ಮೇಲೆ ನಾವು ಸುತ್ತಾದರೂ ಟಾರು ರಸ್ತೆಯಲ್ಲೇ, ಬೆಲ್ಲು ಹೊಡೆದುಕೊಂಡು ಬರುತ್ತೇವೆ.